ಹುಟ್ಟದ ಕೂಸಿನ ಅಪರಾಧ

ಮಸ್ಕತ್ತಿನ ರೂವಿಗೂ ಮತ್ರಾದ ಹಳೆಯ ಬಂದರಿಗೂ ನಡುವೆ, ಗರಿಕೆಯೂ ಮೊಳೆಯದ ಕಂದುಗಲ್ಲಿನ ಗುಡ್ಡಗಳ ಮಗ್ಗುಲಲ್ಲಿ ಹರಡಿಕೊಂಡಿರುವ ದಾರ್ಸೈಟ್ ಎಂಬ ಬಡಾವಣೆಯಲ್ಲಿ ಶ್ರೀಕೃಷ್ಣನದೊಂದು ದೇವಾಲಯವಿದೆ. ಅಷ್ಟಮಿಯ ರಾತ್ರಿ ಅಲ್ಲಿ ನೆರೆಯುವ ಜನದಲ್ಲಿ ಕಚ್ಛದ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ನೆಲೆನಿಂತ ಗುಜರಾತಿ ವರ್ತಕರ ವಂಶದವರಿರುವಂತೆಯೇ, ಮಲ್ಪೆಯಲ್ಲಿ ಕಾಲು ತೋಯಿಸುವ ನೀರೇ ಸುತ್ತಿ ಬಳಸಿ ಮತ್ರಾದ ದಂಡೆಗೂ ಬರುತ್ತದೆಂಬ ಸಮಾಧಾನವನ್ನು ಮನಸ್ಸಿನಲ್ಲಿಟ್ಟುಕೊಂಡು ದಿನ ನೂಕುವ ನಮ್ಮ ಕರಾವಳಿಯ ಕನ್ನಡಿಗರೂ ಇರುತ್ತಾರೆ. ಮಧ್ಯರಾತ್ರಿಯಲ್ಲಿಯೂ ನೆಲ ಬಿಸಿಯುಗುಳುವ ಆ ಊರಿನಲ್ಲಿ ನಿಂತು, ಜಡಿಮಳೆಯಲ್ಲಿ ಯಮುನೆ ಉಕ್ಕಿದ ಕಥೆಯನ್ನು ಕೇಳಿ ತಲೆದೂಗುವುದಕ್ಕೆ ಒಂದಿಷ್ಟು ಕಲ್ಪನಾಶಕ್ತಿ ಬೇಕು. ಅದೇ ಕಥೆಯ ಸೆರೆಮನೆಯ ಭಾಗಕ್ಕೆ ಅಷ್ಟು ಕಲ್ಪನೆಯ ಅಗತ್ಯವಿಲ್ಲವೆಂಬುದು ನನಗೆ ತಿಳಿದದ್ದು ತಡವಾಗಿ.

ಕೆಲವು ವರ್ಷಗಳ ಕೆಳಗೆ ನಮ್ಮ ಕನ್ನಡ ಮನೆಗಳ ಮಕ್ಕಳಿಂದ ಕೃಷ್ಣಜನನದ ಒಂದು ಪುಟ್ಟ ರೂಪಕವನ್ನಾಡಿಸಬೇಕೆಂದು ಗೆಳೆಯರು ನಿಶ್ಚಯಿಸಿದರು. ಬರೆದುಕೊಡುವ ಭಾರ, ಮತ್ತಾವ ಕೆಲಸಕ್ಕೂ ಒದಗದವನೆಂಬ ಕಾರಣದಿಂದ, ನನ್ನ ಪಾಲಿಗೆ ಬಂದಿತು. ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕೊಯ್ದು, ಬೆಳ್ಳಿಯ ಕಾಗದ ಸುತ್ತಿ ಸರಳುಗಳಾದುವು. ಪ್ಲಾಸ್ಟಿಕ್ಕಿನ ಸರಪಳಿ ರೂವಿಯ ಅಂಗಡಿಯಿಂದ ಬಂದಿತು. ಕಾವಲುಗಾರನಿಗೂ ಒಂದು ಮಾತಿರಲಿ, ಇಲ್ಲದಿದ್ದರೆ ಆ ಹುಡುಗ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ, ಎಂದು ಅವನ ತಾಯಿ ಹೇಳಿದ್ದರಿಂದ, ಹಳೆಯದೊಂದು ಜಮಾಖರ್ಚಿನ ಪುಸ್ತಕವನ್ನು ಅವನ ಕೈಗೆ ಕೊಟ್ಟು, ರಾತ್ರಿಯ ಸರದಿಯಲ್ಲಿ ಕೈದಿಗಳ ಪಟ್ಟಿಯನ್ನೋದುವಂತೆ ಏರ್ಪಡಿಸಿದೆನು. ಕೈದಿಯ ಹೆಸರು, ವಸುದೇವ. ತಂದೆಯ ಹೆಸರು, ಶೂರಸೇನ. ವಾಸ, ಮಥುರೆ. ಅಪರಾಧ ಎಂದು ಬರೆದ ಮೇಲೆ ನನ್ನ ಲೇಖನಿ ನಿಂತುಹೋಯಿತು.

ಏನೆಂದು ಬರೆಯುವುದು? ಚಿಕ್ಕಂದಿನಿಂದ ನೂರು ಸಲ ಕೇಳಿದ ಕಥೆಯಾದರೂ ಈ ಪ್ರಶ್ನೆಯನ್ನು ನಾನು ಕೇಳಿಕೊಂಡವನಲ್ಲ. ತಂಗಿಯ ಮದುವೆಯ ದಿಬ್ಬಣದಲ್ಲಿ ಪ್ರೀತಿಯಿಂದ ತಾನೇ ಕುದುರೆಗಳ ವಾಘೆ ಹಿಡಿದು ರಥ ನಡೆಸುತ್ತಿದ್ದ ಕಂಸನಿಗೆ, ಆಕೆಯ ಎಂಟನೆಯ ಗರ್ಭ ನಿನ್ನನ್ನು ಕೊಲ್ಲುವುದೆಂಬ ಅಶರೀರವಾಣಿ ಕೇಳಿಬರುತ್ತದೆ. ಕೇಳಿದ ಕ್ಷಣದಲ್ಲಿ ಅವನ ಒಂದು ಕೈಯಲ್ಲಿ ಕತ್ತಿ, ಮತ್ತೊಂದರಲ್ಲಿ ತಂಗಿಯ ಮುಡಿ. ವಸುದೇವನು ಬುದ್ಧಿವಾದದಿಂದಲೂ, ಹುಟ್ಟಿದ ಮಕ್ಕಳನ್ನೆಲ್ಲ ತಂದೊಪ್ಪಿಸುವೆನೆಂಬ ವಾಗ್ದಾನದಿಂದಲೂ ಆಕೆಯನ್ನು ಉಳಿಸಿಕೊಳ್ಳುತ್ತಾನೆ. ಮೊದಲ ಮಗುವನ್ನು ನುಡಿದಂತೆ ತಂದು ಮುಂದಿಟ್ಟಾಗ, ಆತನ ಸತ್ಯನಿಷ್ಠೆಗೆ ಮೆಚ್ಚಿ, ಭಯವಿರುವುದು ಎಂಟನೆಯದರಿಂದ ತಾನೆ, ಇದನ್ನು ಕೊಂಡುಹೋಗು ಎಂದು ಕಂಸನೇ ಹಿಂದಕ್ಕೆ ಕೊಡುತ್ತಾನೆಂಬುದನ್ನು ನಮ್ಮ ಹರಿಕಥೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ, ಭಾಗವತ ಬಿಟ್ಟಿಲ್ಲ. ಆಮೇಲೆ ನಾರದರು ಬಂದು ಇನ್ನಷ್ಟು ಸುದ್ದಿ ತಿಳಿಸುತ್ತಾರೆ. ಆ ಹೊತ್ತಿನಿಂದ ಶಂಕೆಗೆ ಎಲ್ಲೆಯೇ ಉಳಿಯಲಿಲ್ಲ: ದಂಪತಿಗಳ ಕಾಲಿಗೆ ಸಂಕೋಲೆ, ಹುಟ್ಟಿದ ಕೂಸುಗಳಿಗೆ ಸಾವು, ಸಿಂಹಾಸನದಲ್ಲಿದ್ದ ಸ್ವಂತ ತಂದೆ ಉಗ್ರಸೇನನಿಗೂ ಸೆರೆ.

ಉಗ್ರಸೇನನ ಪಟ್ಟಿಯಲ್ಲಾದರೆ ರಾಜ್ಯಾಪೇಕ್ಷೆ, ಪ್ರತಿಪಕ್ಷ ಎಂದು ಏನನ್ನಾದರೂ ಗೀಚಬಹುದಿತ್ತು. ವಸುದೇವನು ಮಾಡಿದುದಾದರೂ ಏನು? ಕದ್ದವನಲ್ಲ, ಕೊಂದವನಲ್ಲ, ದಂಗೆಯೆಬ್ಬಿಸಿದವನಲ್ಲ. ಕೊಟ್ಟ ಮಾತನ್ನು ಹೊಟ್ಟೆಯ ಸಂಕಟದ ನಡುವೆಯೂ ನಡೆಸಿದವನು. ಅವನ ಅಪರಾಧ ಇನ್ನೂ ಹುಟ್ಟಿರಲಿಲ್ಲ. ಅದು ದೇವಕಿಯ ಗರ್ಭದಲ್ಲಿ, ಮುಂದೆಂದೋ ಬರಲಿರುವ ಒಂದು ಎಣಿಕೆಯಲ್ಲಿತ್ತು. ನಮ್ಮ ಕಾಲದ ಕಾನೂನುಗಳು ಮುಂಜಾಗ್ರತಾ ಬಂಧನವೆಂದು ಕರೆಯುವ ವಸ್ತುವಿಗೆ ಇದಕ್ಕಿಂತ ಶುದ್ಧವಾದ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕಂಸನಿಗೆ ಕೇಳಿಸಿದ ಅಶರೀರವಾಣಿಯನ್ನು ಕನ್ನಡದಲ್ಲಿ ಆಕಾಶವಾಣಿಯೆಂದೂ ಹೇಳುವುದುಂಟು. ಅದೇ ಹೆಸರಿಟ್ಟು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ತೆರೆದ ಎಂ.ವಿ. ಗೋಪಾಲಸ್ವಾಮಿಯವರ ಮನಸ್ಸಿನಲ್ಲಿ ಕಂಸ ಸುಳಿದಿರಲಾರನು. ಆದರೂ ನಲವತ್ತು ವರ್ಷಗಳ ತರುವಾಯ, 1975ರ ಜೂನ್ 26ರ ಬೆಳಗ್ಗೆ, ಅಷ್ಟರೊಳಗೆ ರಾಷ್ಟ್ರದ ಬಾನುಲಿಯೆಲ್ಲಕ್ಕೂ ಹೆಸರಾಗಿದ್ದ ಆ ಆಕಾಶವಾಣಿಯಿಂದ ತುರ್ತುಪರಿಸ್ಥಿತಿಯ ಘೋಷಣೆ ಹೊರಬಿದ್ದಾಗ, ಹಳೆಯ ಪದಕ್ಕೆ ಹಳೆಯ ಅರ್ಥವೇ ಮರಳಿ ಬಂದಂತಾಯಿತು. ಸಂಸದೀಯ ಸಮಿತಿಯೊಂದರ ಕೆಲಸಕ್ಕೆಂದು ಆ ದಿನ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಮೊದಲಾದ ವಿರೋಧಪಕ್ಷದ ನಾಯಕರನ್ನು ಹಿಡಿದು ಅಲ್ಲಿನ ಕೇಂದ್ರ ಕಾರಾಗೃಹಕ್ಕೆ ಒಯ್ದರು. ನಮ್ಮ ನಾಡಿನವರೇ ಆದ ರಾಮಕೃಷ್ಣ ಹೆಗಡೆ, ವಿಧಾನಸಭೆಯ ವಿರೋಧಪಕ್ಷದ ನಾಯಕರಾಗಿದ್ದ ದೇವೇಗೌಡ, ಜೆ.ಎಚ್. ಪಟೇಲ್ ಇವರೂ ಸೆರೆ ಕಂಡರು. ಮೂವರೂ ಮುಂದೆ ಬೇರೆಬೇರೆ ಕಾಲದಲ್ಲಿ ಮುಖ್ಯಮಂತ್ರಿಗಳಾದರೆಂಬುದು ಎಂಟನೆಯ ಕೂಸಿನ ಕಥೆಗೆ ಒಂದು ಲೌಕಿಕ ವ್ಯಾಖ್ಯಾನ. ದೇಶದಲ್ಲೆಲ್ಲ ಹಾಗೆ ಒಳಗಾದವರ ಸಂಖ್ಯೆ 1 ಲಕ್ಷವನ್ನು ಮೀರಿತ್ತು.

ಬಂಧಿತರು ಕರ್ನಾಟಕದ ಉಚ್ಚನ್ಯಾಯಾಲಯದ ಮೊರೆಹೊಕ್ಕರು. ಅವರ ಪರವಾಗಿ ದುಡಿಯುತ್ತಿದ್ದ ವಕೀಲ ರಾಮಾ ಜೋಯಿಸರನ್ನೇ, ವಿಚಾರಣೆಯಿಲ್ಲದೆ ಹಿಡಿದಿಡಲು ಅವಕಾಶ ಕೊಡುತ್ತಿದ್ದ ಮೀಸಾ ಕಾಯಿದೆಯಡಿ ಹಿಡಿದು, ಕಕ್ಷಿಗಾರರಿದ್ದ ಸೆರೆಮನೆಗೇ ಕಳುಹಿಸಲಾಯಿತು. ಕಕ್ಷಿಗಾರನನ್ನು ಕಾಣಲು ಅನುಮತಿ ಬೇಡುವ ತೊಂದರೆಯಾದರೂ ಅದರಿಂದ ತಪ್ಪಿತೆನ್ನಬೇಕು. ಅರ್ಜಿಗಳನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕಿದೆಯೆಂದು ಎತ್ತಿಹಿಡಿದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರರಿಗೂ ಎಂ. ಸದಾನಂದಸ್ವಾಮಿಯವರಿಗೂ ದೂರದೂರದ ಊರುಗಳಿಗೆ ವರ್ಗವಾಯಿತು. ಒಂಬತ್ತು ಉಚ್ಚನ್ಯಾಯಾಲಯಗಳು ಹೀಗೆ ಬಂಧಿತನ ಮಾತನ್ನು ಕೇಳಲೊಪ್ಪಿದ್ದುವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಅದನ್ನೆಲ್ಲ ತಳ್ಳಿಹಾಕಿ, ತುರ್ತುಪರಿಸ್ಥಿತಿಯಲ್ಲಿ ತನ್ನನ್ನೇಕೆ ಹಿಡಿದಿರೆಂದು ಕೇಳುವ ಹಕ್ಕು ಪ್ರಜೆಗಿಲ್ಲವೆಂದು ತೀರ್ಪಿತ್ತರು. ಅವರಲ್ಲೊಬ್ಬರು, ಬಂಧಿತರಿಗೆ ಸರಕಾರ ತೋರುತ್ತಿರುವ ಅಕ್ಕರೆ ಹೆಚ್ಚುಕಡಿಮೆ ತಾಯಿಯದೆಂಬ ಅರ್ಥದ ಮಾತನ್ನೂ ಸೇರಿಸಿದರು. ತಾಯಿಯದೋ ಸೋದರಮಾವನದೋ ಎಂಬುದನ್ನು ಮಥುರೆಯ ಕಥೆ ಬಲ್ಲವರು ತೀರ್ಮಾನಿಸಬಹುದು. ಐದನೆಯವರಾದ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ; ಮರುವರ್ಷ ಅವರ ಹಿರಿತನವನ್ನು ದಾಟಿ ಮತ್ತೊಬ್ಬರು ಮುಖ್ಯ ನ್ಯಾಯಾಧೀಶರಾದರು, ಖನ್ನಾ ರಾಜೀನಾಮೆ ಕೊಟ್ಟರು.

ತೀರ್ಪು ಬಂದ ಮೂರು ದಿನಕ್ಕೆ, ಮೇ 1ರಂದು, ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರು ಎಲ್ಲಿ ಅಡಗಿದ್ದಾರೆಂದು ಹೇಳಿಸುವ ಸಲುವಾಗಿ ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನ ಪೋಲೀಸರು ಎಳೆದೊಯ್ದು ನಡೆಯಲಾರದಂತೆ ಬಡಿದರು. ಮರುದಿನ ಸ್ನೇಹಲತಾ ರೆಡ್ಡಿಯವರ ಸರದಿ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಕಾಣಿಸಿಕೊಂಡ ಆಕೆ, ಆ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ, ಸಮಾಜವಾದಿಗಳ ಗೆಳತಿ, ಆಸ್ತಮಾದ ರೋಗಿ. ಸರಕಾರದ ವಿರುದ್ಧ ಸಿಡಿಮದ್ದು ಕೂಡಿಸಿದರೆಂಬ ಆರೋಪದ, ಬರೋಡಾ ಡೈನಮೈಟ್ ಪ್ರಕರಣವೆಂದು ಹೆಸರಾದ ಮೊಕದ್ದಮೆಯ ನೆಳಲಿನಲ್ಲಿ ಆಕೆಯನ್ನು ಹಿಡಿದರಾದರೂ, ಕೊನೆಗೆ ಸಿದ್ಧವಾದ ಆರೋಪಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಆದರೂ ಬಿಡುಗಡೆಯಾಗಲಿಲ್ಲ, ಮೀಸಾ ಇದ್ದಿತಲ್ಲವೆ! ಉಸಿರು ಸಿಕ್ಕಿಕೊಂಡ ರಾತ್ರಿಗಳಲ್ಲಿ ಆಕೆಯ ಕೂಗು ಅದೇ ಸೆರೆಮನೆಯಲ್ಲಿದ್ದ ದಂಡವತೆಯವರಿಗೆ ಕೇಳಿಸುತ್ತಿತ್ತು. ಆಕೆ ದಿನಚರಿ ಬರೆದರು. ಜೊತೆಯ ಸೆರೆಯಾಳುಗಳಾಗಿದ್ದ ಬಡ ಹೆಂಗಸರ ಊಟಕ್ಕಾಗಿ, ಮರ್ಯಾದೆಗಾಗಿ ಅಧಿಕಾರಿಗಳೊಡನೆ ಹೋರಾಡಿದರು. 1977ರ ಜನವರಿ 15ರಂದು, ಇನ್ನು ಒಳಗೇ ಸತ್ತರೆ ಅಪಖ್ಯಾತಿಯೆನಿಸಿದ ಹೊತ್ತಿಗೆ, ಹೊರಗೆ ಬಿಟ್ಟರು. 18ರಂದು ಅದೇ ಆಕಾಶವಾಣಿ ಚುನಾವಣೆಯನ್ನು ಸಾರಿತು. 20ರಂದು ಆಕೆ ತೀರಿಕೊಂಡರು. ನನ್ನ ಕಾವಲುಗಾರನ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆಯೂ ಆ ಅಂಕಣದಲ್ಲಿ ಬರೆಯಲು ಏನೂ ಇಲ್ಲ.

ಇಲ್ಲಿ ಧರ್ಮಜಿಜ್ಞಾಸುವಿಗೆ ಎದುರಾಗುವ ತೊಡಕೊಂದಿದೆ. ಭಾಗವತ ತನ್ನ ವಾದಕ್ಕೆ ಅತ್ಯಂತ ಕಠಿಣವಾದ ಸಂದರ್ಭವನ್ನೇ ಆರಿಸಿಕೊಂಡಿದೆ. ಏಕೆಂದರೆ ಕಂಸನಿಗೆ ಬಂದ ಸುದ್ದಿ ಸುಳ್ಳಾಗಿರಲಿಲ್ಲ. ದೇವಕಿಯ ಎಂಟನೆಯ ಮಗ ಅವನನ್ನು ಕೊಂದೇ ಕೊಂದನು. ಗೂಢಚಾರರ ವರದಿ ಅರ್ಧ ಊಹೆ, ಅರ್ಧ ಹಗೆ. ಅದನ್ನು ನಂಬಿ ನಿರಪರಾಧಿಯನ್ನು ಹಿಡಿದುದು ತಪ್ಪೆಂದು ಹೇಳುವುದು ಸುಲಭ. ವರದಿ ದೇವವಾಣಿಯೇ ಆಗಿದ್ದು, ಅಕ್ಷರಶಃ ಸತ್ಯವಾಗಿದ್ದರೆ? ಆಗಲೂ ಆ ಬಂಧನ ಅಧರ್ಮವೆಂದೇ ಪುರಾಣದ ನಿರ್ಣಯ. ಕಾರಣವನ್ನು ನಾನು ಬಗೆದಿರುವುದು ಹೀಗೆ: ಕರ್ಮಸಿದ್ಧಾಂತದ ಮೂಲದಲ್ಲಿ ಒಂದು ಕಾಲಕ್ರಮವಿದೆ, ಮೊದಲು ಕೃತಿ, ತರುವಾಯ ಫಲ. ಮನುಷ್ಯನು ನಾಳೆ ಏನಾಗುವನೆಂಬುದು ಅವನು ಇಂದು ಮಾಡುವ ಆಯ್ಕೆಯಿಂದ ಕ್ಷಣಕ್ಷಣಕ್ಕೂ ಬದಲಾಗಬಹುದೆಂಬ ನಂಬಿಕೆಯಿಲ್ಲದಿದ್ದರೆ ಪ್ರಾಯಶ್ಚಿತ್ತಕ್ಕೂ ಅರ್ಥವಿಲ್ಲ, ಉಪದೇಶಕ್ಕೂ ಅರ್ಥವಿಲ್ಲ. ಮಾಡದ ಕೃತಿಗೆ ಫಲವನ್ನು ಮೊದಲೇ ಉಣಿಸುವ ಅರಸನು ಆ ಕ್ರಮವನ್ನೇ ತಲೆಕೆಳಗು ಮಾಡುತ್ತಾನೆ. ಕಾಲವನ್ನು ತಾನು ಮುಂದಕ್ಕೆ ಓದಬಲ್ಲೆನೆಂದು, ಪರಮೇಶ್ವರನಿಗೆ ಸಲ್ಲುವ ಜ್ಞಾನವನ್ನು ತನ್ನ ಕಚೇರಿಯ ಕಡತಕ್ಕೆ ಆರೋಪಿಸಿಕೊಳ್ಳುತ್ತಾನೆ. ಇದು ಕ್ರೌರ್ಯವಾಗುವುದಕ್ಕೆ ಮುಂಚೆ ದೈವನಿಂದೆ. ಇನ್ನೊಂದು ಮಾತು: ಕೃಷ್ಣನಿಗೆ ಮಾವನ ಮೇಲೆ ಹಗೆಯಿರಲು ಮೊದಲು ಯಾವ ಕಾರಣವಿತ್ತು? ಆರು ಮಂದಿ ಅಣ್ಣಂದಿರ ಕೊಲೆ, ತಾಯಿತಂದೆಯರ ಸಂಕೋಲೆ, ಇವೇ ಕಾರಣಗಳಾದುವು. ಯಾವ ಭವಿಷ್ಯವನ್ನು ತಡೆಯಲು ಹೊರಟನೋ ಅದರ ಒಂದೊಂದು ಎಳೆಯನ್ನೂ ಕಂಸನು ತಾನೇ ಕುಳಿತು ನೇಯ್ದನು.

ಪ್ರಾಚೀನರು ರಾಜ್ಯರಕ್ಷಣೆಯ ಕಷ್ಟವನ್ನರಿಯದ ಸಾಧುಗಳಾಗಿದ್ದರೆಂದೇನೂ ಅಲ್ಲ. ಬೇಹುಗಾರಿಕೆಯನ್ನು ಶಾಸ್ತ್ರವಾಗಿಯೇ ರಚಿಸಿದ ಕೌಟಿಲ್ಯನಿಗಿಂತ ಸಂಶಯಾತ್ಮನಾದ ಲೇಖಕನು ಸಿಗುವುದು ದುರ್ಲಭ. ಆದರೆ ಸಂಶಯದ ಮೇಲೆ ಹಿಡಿಯುವುದಕ್ಕೂ ಅವನು ಅವಧಿಯ ಕಟ್ಟುಹಾಕುತ್ತಾನೆ: ಮೂರು ರಾತ್ರಿ ಕಳೆದ ಮೇಲೆ ಬರಿಯ ಶಂಕೆಯಿಂದ ಯಾರನ್ನೂ ಹಿಡಿಯತಕ್ಕದ್ದಲ್ಲ. ದಂಡಾರ್ಹನಲ್ಲದವನನ್ನು ರಾಜನು ದಂಡಿಸಿದರೆ, ಆ ದಂಡದ ಮೂವತ್ತು ಪಟ್ಟನ್ನು ರಾಜನೇ ತೆತ್ತು ವರುಣನಿಗೆಂದು ನೀರಿಗೆ ಹಾಕಬೇಕೆಂದೂ ಹೇಳುತ್ತಾನೆ. ಈ ನೀರಿನ ವಿಧಿ ನನಗೆ ಬಹಳ ಹಿಡಿಸಿದೆ. ಅರಸನನ್ನು ಕಟಕಟೆಗೆ ಹತ್ತಿಸುವವರು ಯಾರೂ ಇಲ್ಲದಿದ್ದಾಗ, ಅವನ ಮೇಲೊಬ್ಬ ಪಾಶಧಾರಿಯಿದ್ದಾನೆಂದು ನೆನಪಿಸಲು ಶಾಸ್ತ್ರಕಾರನು ಕಂಡುಕೊಂಡ ಉಪಾಯ ಅದು. ಮೀಸಾದ ಲೆಕ್ಕವನ್ನು ಹೀಗೆ ತೀರಿಸಬೇಕಾಗಿ ಬಂದಿದ್ದರೆ ಬೊಕ್ಕಸದಲ್ಲಿ ಎಷ್ಟು ಉಳಿಯುತ್ತಿತ್ತೋ!

ನಮ್ಮ ಸಂವಿಧಾನದಲ್ಲಿ, ವಿಚಿತ್ರವೆಂದರೆ, ಈ ಬಗೆಯ ಬಂಧನಕ್ಕೆ ಸ್ಥಳ ದೊರೆತಿರುವುದು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ, 22ನೆಯ ವಿಧಿಯಲ್ಲಿ. ಗಣರಾಜ್ಯ ಹುಟ್ಟಿದ ವರ್ಷವೇ ಇದರ ಪರೀಕ್ಷೆಗೆ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, 1950ರ ಮೇ 19ರಂದು ಅವರು ಸೋತರು, ಆದರೆ 1957ರಿಂದ ಮೂರು ಚುನಾವಣೆಗಳಲ್ಲಿ ಅವರನ್ನು ಲೋಕಸಭೆಗೆ ಕಳುಹಿಸಿದುದು ಕನ್ನಡಿಗರೂ ಮಲೆಯಾಳಿಗಳೂ ಕೂಡಿ ಬಾಳುವ ಕಾಸರಗೋಡು. 1976ರ ತೀರ್ಪು ಅಳಿದದ್ದು ಬಹುಕಾಲದ ಮೇಲೆ, 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ. ಅಳಿಸಿ ಬರೆದವರಲ್ಲೊಬ್ಬರು ಹಿಂದಿನ ನಾಲ್ವರಲ್ಲೊಬ್ಬರ ಮಗ. ಆದರೆ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ವಿಚಾರಣೆಯಿಲ್ಲದ ಬಂಧನದಲ್ಲಿಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕಿಳಿಸುವುದಾಗಿ 1978ರ 44ನೆಯ ತಿದ್ದುಪಡಿಯಲ್ಲಿ ಬರೆದುಕೊಂಡ ಮಾತು, ತಾವೇ ಸೆರೆಯಲ್ಲಿದ್ದು ಬಂದವರ ಸರಕಾರ ಬರೆದುಕೊಂಡದ್ದು, ಇಂದಿಗೂ ಜಾರಿಗೆ ಬಂದಿಲ್ಲ. ವಸುದೇವನು ಸೆರೆಯಿಂದ ಹೊರಬಂದ ಮೇಲೆ ಸೆರೆಮನೆಯ ಬೀಗದ ಕೈಯನ್ನು ತನ್ನ ಮನೆಯ ಗೂಟಕ್ಕೇ ನೇತುಹಾಕಿಕೊಂಡಂತೆ.

ಎದುರುವಾದವನ್ನು ಮುಚ್ಚಿಡಬಾರದು. ಬರೋಡಾದ ಡೈನಮೈಟು ಕಲ್ಪಿತವಲ್ಲ, ನಿಜವಾದ ಸಿಡಿಮದ್ದು. ಸೆರೆಗೆ ಹೋದ ರಾಜಕಾರಣಿಗಳೆಲ್ಲರೂ ವಸುದೇವರಲ್ಲ. ಕೆಲವರು ಸೆರೆಯಿಂದ ಬರುವಾಗ ಹಾರ ಹಾಕಿಸಿಕೊಳ್ಳುವ ಉತ್ಸಾಹವನ್ನು ಕಂಡರೆ, ಒಳಗೆ ಹೋದುದು ಏತಕ್ಕೆಂಬುದು ಅವರಿಗೇ ಮರೆತಿದೆಯೇನೋ ಎನಿಸುತ್ತದೆ. ಇಂದಿನ ರೀತಿಯೂ ಬೇರೆ. ಈಗ ಅಪರಾಧದ ಅಂಕಣ ಖಾಲಿಯಿರುವುದಿಲ್ಲ, ತುಂಬಿ ತುಳುಕುತ್ತದೆ. ಆದರೆ ಕೆಲವು ವಿಶೇಷ ಕಾಯಿದೆಗಳಡಿ, ಜಾಮೀನಿಗೆ ಮುಂಚೆಯೇ ತಾನು ನಿರ್ದೋಷಿಯೆಂದು ನ್ಯಾಯಾಲಯವನ್ನು ನಂಬಿಸಬೇಕಾದ ಹೊರೆ ಬಂಧಿತನ ಹೆಗಲಿಗೆ ಬಿದ್ದಿದೆ. ವಿರೋಧಪಕ್ಷದಲ್ಲಿದ್ದ ಡಿ.ಕೆ. ಶಿವಕುಮಾರರನ್ನು ಅಕ್ರಮ ಹಣವರ್ಗಾವಣೆಯ ಆರೋಪದ ಮೇಲೆ 2019ರ ಸೆಪ್ಟೆಂಬರ್ 3ರಂದು ಬಂಧಿಸಿ ತಿಹಾರಿನಲ್ಲಿಟ್ಟರು, ಅಕ್ಟೋಬರಿನಲ್ಲಿ ಜಾಮೀನಾಯಿತು, 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಪ್ರಕರಣವನ್ನೇ ರದ್ದುಮಾಡಿತು. ಅದು ಹಗೆತನವೋ ಕರ್ತವ್ಯವೋ ಎಂದು ತೂಗಿಹೇಳುವ ತಕ್ಕಡಿ ನನ್ನ ಬಳಿಯಿಲ್ಲ. ಮೊಕದ್ದಮೆ ಅಳಿದುಹೋದ ಮೇಲೆ ಆ ಐವತ್ತು ದಿನಗಳನ್ನು ಯಾವ ನೀರಿಗೆ ಹಾಕಬೇಕೆಂಬುದನ್ನು ಮಾತ್ರ ಯಾವ ಕಾಯಿದೆಯೂ ಹೇಳುವುದಿಲ್ಲ.

ಇಷ್ಟನ್ನೂ ಸ್ವದೇಶದ ಬಗೆಗೇ ಬರೆದು, ಅನ್ನವಿಟ್ಟ ದೇಶದ ಬಗೆಗೆ ಬಾಯಿ ಮುಚ್ಚಿಕೊಳ್ಳುವುದು ಅತಿಥಿಗೆ ಸುಲಭ. ಆ ಮೌನ ಗೌರವದ್ದೋ ವೀಸಾದ್ದೋ ಎಂದು ಹಲವು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದಾರ್ಸೈಟಿನಿಂದ ಮತ್ರಾದ ಕಡಲದಂಡೆಯ ಹಾದಿ ಹಿಡಿದು ಹಳೆಯ ಮಸ್ಕತ್ತಿಗೆ ಹೋದರೆ, ನೀರಿನೊಳಕ್ಕೆ ಚಾಚಿದ ಬಂಡೆಯ ಮೇಲೆ ಪೋರ್ತುಗೀಜರು 16ನೆಯ ಶತಮಾನದಲ್ಲಿ ಕಟ್ಟಿದ ಜಲಾಲಿ ಕೋಟೆ ಕಾಣುತ್ತದೆ. 1957ರಿಂದ 59ರವರೆಗೆ ಜಬಲ್ ಅಖ್ದರ್ ಪರ್ವತದ ಸೀಮೆಯಲ್ಲಿ ಸುಲ್ತಾನರ ವಿರುದ್ಧ ನಡೆದ ಯುದ್ಧದ ಬಂದಿಗಳು ಆ ಕೋಟೆಯಲ್ಲಿ ಕೊಳೆತರು. 1970ರ ದಶಕದಲ್ಲಿ ಅದು ಸೆರೆಮನೆಯಾಗಿರುವುದು ನಿಂತು, ಮುಂದೆ ವಸ್ತುಸಂಗ್ರಹಾಲಯವಾಯಿತು. 1996ರಲ್ಲಿ ಬಂದ ಈ ದೇಶದ ಮೂಲಶಾಸನ, ಕಾನೂನಿನ ಪ್ರಕಾರವಲ್ಲದೆ ಯಾರನ್ನೂ ಬಂಧಿಸಕೂಡದೆಂದು ಸಾರಿತು. 2011ರಲ್ಲಿ ಸೊಹಾರಿನಲ್ಲಿ ಜನ ಬೀದಿಗಿಳಿದರು. ಮರುವರ್ಷ ಬರಹಗಾರರಿಗೂ ಹೋರಾಟಗಾರರಿಗೂ ಸುಲ್ತಾನರ ನಿಂದನೆ, ಅಕ್ರಮ ಕೂಟ ಎಂಬ ಆರೋಪಗಳ ಮೇಲೆ ಶಿಕ್ಷೆಯಾಯಿತು. 2013ರ ಮಾರ್ಚಿನಲ್ಲಿ ಸುಲ್ತಾನ್ ಕಾಬೂಸರು ಅವರನ್ನು ಕ್ಷಮಿಸಿ ಬಿಡಿಸಿದರು. ಕ್ಷಮೆ ದೊಡ್ಡ ಗುಣ. ಆದರೆ ಕ್ಷಮೆ ಕೊಡುವವನ ಕೈಯಲ್ಲಿರುವುದು, ಹಕ್ಕು ಪಡೆಯುವವನ ಕೈಯಲ್ಲಿರುವುದು. ಕಂಸನೂ ಒಮ್ಮೆ ಕ್ಷಮಿಸಿದ್ದುಂಟು. ಕೈಯಿಂದ ಜಾರಿ ಆಕಾಶಕ್ಕೆ ಹಾರಿದ ಹೆಣ್ಣುಕೂಸಿನ ಮಾತು ಕೇಳಿ ನಡುಗಿ, ದೇವಕೀ ವಸುದೇವರ ಸಂಕೋಲೆ ಕಳಚಿಸಿ, ಕಣ್ಣೀರು ಸುರಿಸಿ ಅವರ ಕಾಲು ಹಿಡಿದನು. ಆ ರಾತ್ರಿ ಕಳೆಯಿತು. ಬೆಳಗಾದ ಮೇಲೆ ಮಂತ್ರಿಗಳು ಬಂದು, ಹತ್ತು ದಿನದೊಳಗೆ ಹುಟ್ಟಿದ ಕೂಸುಗಳನ್ನೆಲ್ಲ ಮುಗಿಸಿಬಿಡೋಣವೆಂದರು, ಅವನು ಹೂಂಗುಟ್ಟಿದನು.

ಅಲ್ಲಿಂದ ಮುಂದೆ ಸೆರೆಯಲ್ಲಿದ್ದವನು ಯಾರು? ಕುಳಿತಾಗ, ಉಣ್ಣುವಾಗ, ಮಲಗುವಾಗ, ನಡೆಯುವಾಗ ಕಂಸನಿಗೆ ಕೃಷ್ಣನ ಹೊರತು ಬೇರೇನೂ ಕಾಣದಂತಾಯಿತೆಂದೂ, ಆ ಭಯದ ಏಕಾಗ್ರತೆಯಿಂದಲೇ ಅವನಿಗೆ ಕೊನೆಗೆ ಸದ್ಗತಿಯಾಯಿತೆಂದೂ ಭಕ್ತರು ಹೇಳುತ್ತಾರೆ. ಅದು ಭಗವಂತನ ದೊಡ್ಡತನ. ಆ ಅವಕಾಶವನ್ನು ಸರಕಾರಗಳಿಗೆ ವಿಸ್ತರಿಸುವ ಅಧಿಕಾರ ನಮಗಿಲ್ಲ. ನನಗೆ ಹೆಚ್ಚು ಮುಖ್ಯವೆನಿಸಿರುವುದು ಕಂಸವಧೆಯಾದ ತರುವಾಯದ ಸಂಗತಿ. ಗೆದ್ದ ಹುಡುಗ ಹೋಗಿ, ನಡುವೆ ಮತ್ತೆ ಬಂಧನಕ್ಕೊಳಗಾಗಿದ್ದ ತಾಯಿತಂದೆಯರ ಬೇಡಿ ಕಳಚುತ್ತಾನೆ. ಸಿಂಹಾಸನದ ಮೇಲೆ ತಾನು ಕೂಡುವುದಿಲ್ಲ, ಸೆರೆಯಲ್ಲಿದ್ದ ಮುದುಕ ಉಗ್ರಸೇನನನ್ನು ಕೂಡಿಸುತ್ತಾನೆ. ಕಂಸನ ಹೆಂಡಿರನ್ನು ಸಂತೈಸುತ್ತಾನೆ. ಕಂಸನ ಕಡೆಯವರು ನಾಳೆ ಏನು ಮಾಡಿಯಾರೋ ಎಂದು ಅವರನ್ನು ಹಿಡಿದು ಒಳಗೆ ಹಾಕಿಸಿದನೆಂದು ಎಲ್ಲಿಯೂ ಬರೆದಿಲ್ಲ.

ರೂಪಕದ ಮಾತು ಅರ್ಧಕ್ಕೆ ನಿಂತಿತ್ತು. ಅಪರಾಧದ ಮುಂದೆ ಏನೂ ತೋಚದೆ ಅಲ್ಲಿ ಒಂದು ಗೆರೆ ಎಳೆದು, ಹುಡುಗನು ಕ್ಷಣಕಾಲ ಸುಮ್ಮನಿದ್ದು ಪುಟ ಮಗುಚಬೇಕೆಂದು ಬರೆದುಕೊಟ್ಟೆನು. ಆಟದ ದಿನ ಅವನು ಹಣೆಯ ಮೇಲೆ ಜಾರುತ್ತಿದ್ದ ರುಮಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಹೆಸರನ್ನೂ ತಂದೆಯ ಹೆಸರನ್ನೂ ಗಟ್ಟಿಯಾಗಿ ಓದಿ, ಅಪರಾಧ ಎಂದನು, ಪುಸ್ತಕದಲ್ಲಿ ಬರಿಯ ಗೆರೆಯನ್ನು ಕಂಡು, ತಾನೇ ಮಾತು ಮರೆತೆನೆಂದು ಹೆದರಿ, ಪರದೆಯ ಮರೆಯಲ್ಲಿದ್ದ ನನ್ನ ಕಡೆ ನೋಡಿದನು, ನಾನು ಕೈಯಾಡಿಸಿದೆನು, ಅವನು ಸಭೆಯ ಕಡೆ ತಿರುಗಿ, ‘ಗೊತ್ತಿಲ್ಲ, ಮೇಲಿನವರನ್ನು ಕೇಳಬೇಕು’ ಎಂದುಬಿಟ್ಟನು. ಜನ ಗೊಳ್ಳೆಂದು ನಕ್ಕರು. ನಕ್ಕುದರಿಂದ ಧೈರ್ಯಗೊಂಡು, ಬರೆದಿದ್ದಂತೆಯೇ ಗೋಡೆಗೊರಗಿ ಗೊರಕೆ ಹೊಡೆಯತೊಡಗಿದನು. ಕಾರ್ಯಕ್ರಮ ಮುಗಿದ ಮೇಲೆ ರಟ್ಟಿನ ಸರಳುಗಳನ್ನು ಮಡಿಸಿ, ಬರುವ ವರ್ಷಕ್ಕೆ ಬೇಕಾದೀತೆಂದು ಯಾರದೋ ಕಾರಿನ ಡಿಕ್ಕಿಯಲ್ಲಿ ಇಟ್ಟರು. ದೇವಕಿಯಾದ ಹುಡುಗಿಯ ಕಾಲಿನ ಸರಪಳಿಯ ಕೊಂಡಿ ಮಾತ್ರ ಅವಳ ಸೀರೆಯ ಅಂಚಿಗೆ ಸಿಕ್ಕಿಕೊಂಡಿತ್ತು. ಅವಳ ತಾಯಿ ನೆಲದ ಮೇಲೆ ಕುಳಿತು, ಜರಿ ಹರಿಯದಂತೆ, ಒಂದೊಂದೇ ಎಳೆಯನ್ನು ಉಗುರಿನಿಂದ ಬಿಡಿಸುತ್ತಿದ್ದರು.